ಓದಲೊಲ್ಲನೋ, ಓದಲಾರನೋ?

ಬೆಳಗಿನ ಒಂಬತ್ತು ಗಂಟೆ. ಮೈಸೂರಿನ ಒಂದು ಸಾಧಾರಣ ಮನೆಯ ನಡುಮನೆ. ಅಡಿಗೆಮನೆಯ ಸದ್ದು ಆಗತಾನೆ ಅಡಗಿದೆ. ಚಾಪೆಯ ಮೇಲೆ ಮೂರನೆಯ ತರಗತಿಯ ಕನ್ನಡ ಪಠ್ಯಪುಸ್ತಕ ತೆರೆದಿದೆ. ಅದರ ಈಚೆಗೆ ಒಂಬತ್ತು ವರ್ಷದ ಹುಡುಗ, ಆಚೆಗೆ ಅವನ ತಾಯಿ.

"ಓದು ಮರಿ" ಎಂದಳು ತಾಯಿ.

ಹುಡುಗ ಸಾಲಿನ ಮೇಲೆ ಬೆರಳಿಟ್ಟ. "ಸೂ... ಸೂಯ..." ಎಂದು ನಿಂತ. ಪುಟದ ಮೇಲ್ಗಡೆಯ ಚಿತ್ರದತ್ತ ಕಣ್ಣು ಹಾಯಿಸಿದ. ಅಲ್ಲಿ ಬೆಟ್ಟದ ಹಿಂದೆ ಕೆಂಪಾದ ಬಿಂಬವೊಂದು ಏಳುತ್ತಿತ್ತು. "ಸೂರ್ಯ ಹುಟ್ಟಿದನು" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ. ಪುಸ್ತಕದಲ್ಲಿ ಇದ್ದುದು "ಸೂರ್ಯ ಮೂಡಿದನು" ಎಂದು. ತಾಯಿ ಪುಟ ತಿರುವಿದಳು. ಈ ಪುಟದಲ್ಲಿ ಚಿತ್ರವಿಲ್ಲ. ಅದೇ ಪದ ಮತ್ತೆ ಬಂದಾಗ ಹುಡುಗ "ಸೂಯರ" ಎಂದ. ಎರಡು ಸಾಲು ಕಳೆದು ಅದೇ ಪದ ಬಂದಾಗ "ಸೂರೆ" ಎಂದ.

"ಈಗ ತಾನೇ ಓದಿದೆಯಲ್ಲೋ! ಒಂದೇ ಪದವನ್ನು ಮೂರು ಸಲ ಮೂರು ಬಗೆಯಾಗಿ ಓದುತ್ತೀಯಲ್ಲ, ನಿನ್ನ ಮನಸ್ಸಾದರೂ ಎಲ್ಲಿದೆ?"

ಹುಡುಗ ಉತ್ತರ ಹೇಳಲಿಲ್ಲ. ತುಸು ಹೊತ್ತಿನ ಮೇಲೆ, "ಅಮ್ಮಾ, ಹೊಟ್ಟೆ ನೋಯುತ್ತೆ" ಎಂದ.

ಅಂದು ಸಂಜೆ ಅದೇ ಹುಡುಗ, ಅಜ್ಜಿ ವಾರದ ಹಿಂದೆ ಹೇಳಿದ್ದ ಕರ್ಣನ ಕಥೆಯನ್ನು ಒಂದು ಎಳೆಯೂ ತಪ್ಪದಂತೆ ತಂಗಿಗೆ ಹೇಳಿದ. ತರಕಾರಿಯವನು ಕೊಡಬೇಕಾದ ಚಿಲ್ಲರೆಯನ್ನು ಬಾಯಿಲೆಕ್ಕದಲ್ಲೇ ಹೇಳಿದ. ಕೆಟ್ಟುಹೋಗಿದ್ದ ಟಾರ್ಚನ್ನು ಬಿಚ್ಚಿ, ಎಲ್ಲಿ ತಂತಿ ಸಡಲಿದೆಯೆಂದು ತಂದೆಗೆ ತೋರಿಸಿದ. ಕಾರ್ಖಾನೆಯಿಂದ ದಣಿದು ಬಂದಿದ್ದ ತಂದೆ ಅದನ್ನು ನೋಡಿ ಸಂತೋಷಪಡುವ ಬದಲು ಸಿಟ್ಟಾದ. "ಇಷ್ಟು ಬುದ್ಧಿ ಇರುವವನಿಗೆ ಆರು ಸಾಲು ಓದುವುದಕ್ಕೆ ಏನು ಧಾಡಿ? ಮನಸ್ಸಿಲ್ಲ, ಅಷ್ಟೆ." ತಾಯಿಯೂ ತಲೆಯಾಡಿಸಿದಳು.

ಈ ಮನೆ ಯಾವುದೆಂದು ಹುಡುಕಬೇಕಾದುದಿಲ್ಲ. ಇದು ಒಂದು ಮನೆಯ ಚಿತ್ರವಲ್ಲ, ಹಲವು ಮನೆಗಳ ಚಿತ್ರ.

ಕನ್ನಡದಲ್ಲಿ ಎರಡು ಪುಟ್ಟ ಕ್ರಿಯಾಪದಗಳಿವೆ. 'ಒಲ್ಲ' ಎಂಬುದೊಂದು, 'ಆರ' ಎಂಬುದೊಂದು. ಮಾಡಲೊಲ್ಲ ಎಂದರೆ ಮನಸ್ಸಿಲ್ಲ ಎಂದರ್ಥ; ಮಾಡಲಾರ ಎಂದರೆ ಶಕ್ತಿಯಿಲ್ಲ ಎಂದರ್ಥ. ಎರಡನ್ನೂ ನಾವು ದಿನವೂ ಆಡುತ್ತೇವೆ. ಎಂದೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದಿಲ್ಲ. ಕಾಲು ಉಳುಕಿದವನನ್ನು ನೋಡಿ "ನಡೆಯಲೊಲ್ಲ" ಎಂದು ಯಾರೂ ಹೇಳರು. ಆದರೆ ಪುಸ್ತಕದ ಮುಂದೆ ಕುಳಿತ ಮಗುವಿನ ವಿಷಯದಲ್ಲಿ ಮಾತ್ರ ಈ ವಿವೇಕ ಹಿರಿಯರನ್ನು ಬಿಟ್ಟುಹೋಗುತ್ತದೆ. ಓದಲಾರದ ಮಗುವನ್ನು ಓದಲೊಲ್ಲದ ಮಗುವೆಂದು ತೀರ್ಮಾನಿಸಿ, ಗದರಿಕೆಯಿಂದಲೂ ಆಸೆ ತೋರಿಸುವುದರಿಂದಲೂ ಏಟಿನಿಂದಲೂ ಅದನ್ನು ತಿದ್ದಲು ಹೊರಡುತ್ತೇವೆ. ಒಲ್ಲದವನಿಗೆ ಗದರಿಕೆ ಒಂದು ವೇಳೆ ಔಷಧವಾದೀತು. ಆರದವನಿಗೆ ಅದು ಎರಡನೆಯ ರೋಗ.

ಆ ಹುಡುಗ ಮನೆಯಲ್ಲಿ ಕಲಿಯುವಂತಾದುದು ಹೇಗೆಂಬುದನ್ನೂ ಇಲ್ಲಿ ಹೇಳಬೇಕು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದಾಗ ಅವನಿಗೆ ಏಳು ವರ್ಷ. ಅಲ್ಲಿಯವರೆಗೆ ಶಾಲೆಯಿಂದ ಬರುತ್ತಿದ್ದ ಪ್ರಗತಿಪತ್ರದಲ್ಲಿ "ಗಮನ ಸಾಲದು" ಎಂಬ ಎರಡು ಪದಗಳಿಗಿಂತ ಹೆಚ್ಚಿನದೇನೂ ಇರುತ್ತಿರಲಿಲ್ಲ. ನಲವತ್ತು ಮಕ್ಕಳ ನಡುವೆ, ಪಕ್ಕದವನ ದನಿಗೆ ದನಿಗೂಡಿಸಿ, ಪದ್ಯಗಳನ್ನು ಕಿವಿಯಿಂದಲೇ ಬಾಯಿಪಾಠ ಮಾಡಿ ಅವನು ದಿನ ತಳ್ಳುತ್ತಿದ್ದ. ಪಾಠವೆಲ್ಲ ಮನೆಯ ಮೊಬೈಲಿಗೆ ಬಂದಾಗ ಆ ಆಸರೆ ತಪ್ಪಿತು. ತಾಯಿ ಮೊದಲ ಬಾರಿಗೆ ಮಗನ ಪಕ್ಕದಲ್ಲಿ ಕುಳಿತು ಅವನು ಓದುವುದನ್ನು ಕಿವಿಯಾರೆ ಕೇಳಿದಳು, ಕೇಳಿ ಬೆಚ್ಚಿದಳು. ಶಾಲೆಗಳು ಮತ್ತೆ ತೆರೆದಾಗ ಹುಡುಗನಿಗೆ ದಿನವೂ ಬೆಳಿಗ್ಗೆ ಹೊಟ್ಟೆನೋವು. ಭಾನುವಾರ ಮಾತ್ರ ಅದಕ್ಕೆ ರಜ. ಕೆಲಕಾಲ ಮನೆಯಲ್ಲೇ ಕಲಿಸೋಣವೆಂದು ದಂಪತಿಗಳು ನಿಶ್ಚಯಿಸಿದರು. ತಾಯಿ ಪದವೀಧರೆ, ಪ್ರೀತಿಗೆ ಕೊರತೆಯಿಲ್ಲ, ಸಮಯಕ್ಕೆ ಕೊರತೆಯಿಲ್ಲ. ಆದರೂ ಒಂದು ವರ್ಷ ಕಳೆದಮೇಲೆ ಆದುದು ಮೇಲೆ ಕಂಡ ಬೆಳಗಿನ ದೃಶ್ಯ. ಶಾಲೆಯಲ್ಲಿದ್ದ ಹೊಟ್ಟೆನೋವು ಈಗ ಚಾಪೆಯ ಮೇಲಕ್ಕೆ ಬಂದಿತ್ತು.

ಈ ಹುಡುಗನಂಥವರು ಇಂದು ನಿನ್ನೆ ಹುಟ್ಟಿದವರಲ್ಲ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸೀಫರ್ಡ್ ಎಂಬ ಊರಿನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯನಿದ್ದ. 1896ರ ನವೆಂಬರಿನಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಅವನು ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ವೃತ್ತಾಂತವನ್ನು ಪ್ರಕಟಿಸಿದ. ಪರ್ಸಿ ಚುರುಕು ಬುದ್ಧಿಯವನು. ಆಟದಲ್ಲಿ ಓರಗೆಯವರಿಗೆ ಸರಿಸಮನಾದವನು. ಏಳನೆಯ ವಯಸ್ಸಿನಿಂದ ಶಾಲೆಯಲ್ಲೂ ಮನೆಪಾಠದವರಲ್ಲೂ ಅಕ್ಷರ ಕಲಿತಿದ್ದರೂ ಬಿಡಿ ಬಿಡಿಯಾದ ಸಣ್ಣ ಪದಗಳ ಹೊರತು ಬೇರೇನನ್ನೂ ಓದಲಾರದವನಾಗಿದ್ದ. ತನ್ನ ಹೆಸರನ್ನು ಬರೆಯಹೇಳಿದರೆ ನಡುವಣ ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿ 'ಪ್ರೆಸಿ' ಎಂದು ಬರೆದ. ತೋರಿಸಿಕೊಡುವವರೆಗೆ ಅದು ತಪ್ಪೆಂದು ಅವನಿಗೆ ಹೊಳೆಯಲಿಲ್ಲ. ಅದೇ ಹುಡುಗ 749ನ್ನು 867ರಿಂದ ಬೇಗನೆ, ಸರಿಯಾಗಿ ಗುಣಿಸಿಬಿಟ್ಟ. ಅಂಕಿಯಲ್ಲಿ ಬರೆದ 7 ಅವನಿಗೆ ತಿಳಿಯುತ್ತಿತ್ತು. ಏಳು ಎಂದು ಅಕ್ಷರದಲ್ಲಿ ಬರೆದರೆ ತಿಳಿಯುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇವನೇ ಶಾಲೆಗೆಲ್ಲ ಜಾಣನಾಗುತ್ತಿದ್ದನೆಂಬುದು ಅವನ ಉಪಾಧ್ಯಾಯನ ಅಭಿಪ್ರಾಯವಾಗಿತ್ತು. ಮೈಸೂರಿನ ಹುಡುಗನಿಗೂ ಸಸೆಕ್ಸಿನ ಹುಡುಗನಿಗೂ ನಡುವೆ ನೂರಿಪ್ಪತ್ತೈದು ವರ್ಷಗಳ ಅಂತರವಿದೆ. ಲಿಪಿ ಬೇರೆ, ಭಾಷೆ ಬೇರೆ. ತೊಡಕು ಒಂದೇ.

ಈ ತೊಡಕಿಗೆ 'ಡಿಸ್ಲೆಕ್ಸಿಯ' ಎಂಬ ಹೆಸರನ್ನು 1887ರಷ್ಟು ಹಿಂದೆಯೇ ರುಡಾಲ್ಫ್ ಬರ್ಲಿನ್ ಎಂಬ ಜರ್ಮನ್ ನೇತ್ರವೈದ್ಯ ಬಳಕೆಗೆ ತಂದಿದ್ದ. ಮೊದಮೊದಲು ಇದನ್ನು ಕಣ್ಣಿನ ವೈದ್ಯರು ಕಂಡುದರಿಂದ ಇದು ಕಣ್ಣಿನ ದೋಷವೆಂಬ ಭಾವನೆ ಬೇರೂರಿತು. ಅದು ಸರಿಯಲ್ಲವೆಂದು ಅನಂತರದ ಸಂಶೋಧನೆಗಳಿಂದ ತಿಳಿದಿದೆ. ಮಾತೆಂಬುದು ಧ್ವನಿಗಳ ಸರ. ಆ ಸರವನ್ನು ಬಿಡಿಸಿ ಒಂದೊಂದು ಮಣಿಯನ್ನೂ ಒಂದೊಂದು ಗುರುತಿಗೆ ಕೂಡಿಸುವ ಕೆಲಸ ಮಿದುಳಿನಲ್ಲಿ ನಡೆಯಬೇಕು. ಹೆಚ್ಚಿನ ಮಕ್ಕಳಲ್ಲಿ ಅದು ಕೆಲವು ತಿಂಗಳುಗಳ ಅಭ್ಯಾಸದಿಂದ ತಾನಾಗಿ ನಡೆಯತೊಡಗುತ್ತದೆ. ಕೆಲವರಲ್ಲಿ ಪ್ರತಿ ಸಲವೂ ಹೊಸದಾಗಿ, ಪ್ರಯಾಸದಿಂದ ನಡೆಯುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ವಂಶಕ್ಕೂ ಇದಕ್ಕೂ ಸಂಬಂಧವುಂಟು. ಬರೆಹ, ಲೆಕ್ಕಗಳಲ್ಲಿ ಮಾತ್ರ ಇಂಥದೇ ತೊಡಕುಳ್ಳ ಮಕ್ಕಳೂ ಇದ್ದಾರೆ. ಇವೆಲ್ಲಕ್ಕೂ ಸೇರಿ 'ಕಲಿಕೆಯ ನ್ಯೂನತೆ' ಎಂಬರ್ಥದ ಹೆಸರು ಪ್ರಚಾರಕ್ಕೆ ಬಂದುದು 1963ರಲ್ಲಿ, ಸ್ಯಾಮ್ಯುಯಲ್ ಕರ್ಕ್ ಎಂಬ ಅಮೆರಿಕದ ವಿದ್ವಾಂಸ ಷಿಕಾಗೋ ನಗರದಲ್ಲಿ ಮಾಡಿದ ಭಾಷಣದಿಂದ. ಆ ಸಭೆಯಲ್ಲಿ ಕುಳಿತು ಕೇಳಿದವರು ಹೆಚ್ಚಾಗಿ ತಂದೆತಾಯಿಗಳೇ ಎಂಬುದು ನೆನೆಯಬೇಕಾದ ಸಂಗತಿ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಶಾಲೆಯ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಈ ಬಗೆಯ ಯಾವುದಾದರೊಂದು ತೊಡಕು ಇರುತ್ತದೆ. ಅಂದಮೇಲೆ ಪ್ರತಿ ತರಗತಿಯಲ್ಲೂ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.

"ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು, ಅಲ್ಲಿ ಮಕ್ಕಳು ತಡವರಿಸಿದರೆ ಆಶ್ಚರ್ಯವಿಲ್ಲ. ಬರೆದಂತೆ ಓದುವ ನಮ್ಮ ಕನ್ನಡದಲ್ಲಿ ಈ ತೊಂದರೆ ಎಲ್ಲಿಂದ ಬಂತು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದೇ. ಕನ್ನಡದ ವರ್ಣಮಾಲೆಯಲ್ಲಿರುವುದು 49 ಅಕ್ಷರ. ಆದರೆ ಕಾಗುಣಿತವೂ ಒತ್ತಕ್ಷರಗಳೂ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ದ, ಧ, ಥಗಳನ್ನೋ ಪ, ಷ, ಫಗಳನ್ನೋ ಎದುರಿಗಿಟ್ಟು ನೋಡಿದರೆ, ಒಂದು ಸಣ್ಣ ಗೀರು ಎಷ್ಟು ದೊಡ್ಡ ಭೇದವನ್ನು ಹೊತ್ತಿದೆಯೆಂಬುದು ಮನಸ್ಸಿಗೆ ಬಂದೀತು. ಅಂಗಡಿ, ದಂಡ, ಕಂಬ ಎಂಬ ಮೂರು ಪದಗಳಲ್ಲಿ ಅದೇ ಸೊನ್ನೆ ಮೂರು ಬೇರೆ ಬೇರೆ ಧ್ವನಿಗಳನ್ನು ಹೊರಡಿಸುತ್ತದೆ. 'ಶಕ್ತಿ' ಎಂಬ ಪದವನ್ನು ನೋಡಿ: ಗುಡಿಸು ಅಂಟಿರುವುದು ಮೇಲಿನ ಕಕಾರಕ್ಕೆ, ನುಡಿಯಬೇಕಾದುದು ಕೆಳಗಿನ ತಕಾರವಾದ ಬಳಿಕ. ಕಣ್ಣು ಕಂಡ ಕ್ರಮದಲ್ಲಿ ಓದುವ ಮಗು ಅದನ್ನು 'ಶಕಿತ' ಎನ್ನುತ್ತದೆ. 'ಸೂರ್ಯ' ಎಂಬಲ್ಲಿ ನಾಲಗೆ ಮೊದಲು ರಕಾರವನ್ನು ನುಡಿಯುತ್ತದೆ. ಕಣ್ಣಿಗೆ ಮೊದಲು ಸಿಕ್ಕುವುದು ಯಕಾರ, ಅದರ ಬೆನ್ನಿಗೆ ಅರ್ಕಾವೊತ್ತು. ಹುಡುಗ 'ಸೂಯರ' ಎಂದಾಗ ಅವನ ಮನಸ್ಸು ಎಲ್ಲೋ ಇರಲಿಲ್ಲ; ಅದು ಆ ಪದದ ಮೇಲೆಯೇ ಇತ್ತು. ಅವನು ಕಂಡುದನ್ನು ಕಂಡಹಾಗೆ ಓದಿದ್ದ! ತಾಯಿ ಕೇಳಿದ ಪ್ರಶ್ನೆಗೆ ಅವನು ಉತ್ತರ ಹೇಳದೆ ಹೋದುದು, ಅದಕ್ಕೆ ಅವನಲ್ಲಿ ಉತ್ತರವಿಲ್ಲದ್ದರಿಂದ.

ಹಾಗೆಂದು ತಡವರಿಸುವ ಮಕ್ಕಳೆಲ್ಲರಿಗೂ ಈ ಹೆಸರು ಹಚ್ಚಲಾಗದು. ಆರು ಏಳು ವರ್ಷದವರೆಗೆ ಅಕ್ಷರವನ್ನು ತಿರುಗಾಮುರುಗಾ ಬರೆಯುವುದು ಎಲ್ಲ ಮಕ್ಕಳಲ್ಲೂ ಉಂಟು. ಒತ್ತಕ್ಷರಗಳಂತೂ ಮೂರನೆಯ, ನಾಲ್ಕನೆಯ ತರಗತಿಯವರೆಗೂ ಹಲವರನ್ನು ಕಾಡುತ್ತವೆ. ಕಣ್ಣು ಮಸುಕಾಗಿರಬಹುದು, ಕಿವಿ ಮಂದವಾಗಿರಬಹುದು, ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದಾಗಿ ಮಗು ಗಲಿಬಿಲಿಗೊಂಡಿರಬಹುದು. ಸಾಂಕ್ರಾಮಿಕದ ವರ್ಷಗಳಲ್ಲಿ ಪಾಠವೇ ಸರಿಯಾಗಿ ನಡೆಯದೆ ಹಿಂದೆ ಬಿದ್ದ ಮಕ್ಕಳು ಲೆಕ್ಕವಿಲ್ಲದಷ್ಟು. ಕಲಿಸದಿರುವುದು ಬೇರೆ, ಕಲಿಸಿದರೂ ಹತ್ತದಿರುವುದು ಬೇರೆ. ತಕ್ಕ ರೀತಿಯಲ್ಲಿ ಬಿಡದೆ ಆರು ತಿಂಗಳು ಕಲಿಸಿದಮೇಲೂ ತೊಡಕು ಇದ್ದಂತೆಯೇ ಇದ್ದರೆ ಆಗ ಸಂದೇಹಪಡಬೇಕೆಂಬುದು ತಜ್ಞರ ಮತ.

ಆ ತಾಯಿಯ ಕಣ್ಣು ತೆರೆಸಿದವಳು ಅವಳ ಅತ್ತೆ. ಒಂದು ಮಧ್ಯಾಹ್ನ, ಮಗುವಿನ ಅಳು ಕೇಳಿ ದೇವರಮನೆಯಿಂದ ಎದ್ದುಬಂದ ಆ ಹಿರಿಯಾಕೆ, "ದಿನಾ ಅವನು ತಪ್ಪು ಮಾಡುತ್ತಾನೆ ಅನ್ನುತ್ತೀಯಲ್ಲಮ್ಮ, ಏನು ತಪ್ಪು ಮಾಡುತ್ತಾನೆ ಅಂತ ಒಂದು ದಿನವಾದರೂ ಬರೆದಿಟ್ಟಿದ್ದೀಯಾ?" ಎಂದು ಕೇಳಿದರು. ಆ ಮಾತು ಸೊಸೆಗೆ ನಾಟಿತು. ಮರುದಿನದಿಂದ ಅವಳು ಕಲಿಸುವುದನ್ನು ಕಡಿಮೆ ಮಾಡಿ ನೋಡುವುದನ್ನು ಹೆಚ್ಚು ಮಾಡಿದಳು. ಒಂದು ನೋಟುಪುಸ್ತಕದ ಎಡಪುಟದಲ್ಲಿ ಅವನು ಓದಿದುದು, ಬಲಪುಟದಲ್ಲಿ ಇದ್ದುದು. ಗದರಿಕೆಯಿಲ್ಲ, ತಿದ್ದುಪಾಡಿಲ್ಲ, ಬರೆದುಕೊಳ್ಳುವುದಷ್ಟೆ.

ಮೂರು ವಾರ ಕಳೆಯುವ ಹೊತ್ತಿಗೆ ಆ ನೋಟುಪುಸ್ತಕದಿಂದ ಬೇರೊಬ್ಬ ಹುಡುಗ ಎದ್ದುಬಂದ. ಅವನ ತಪ್ಪುಗಳು ಅಡ್ಡಾದಿಡ್ಡಿಯಾಗಿರಲಿಲ್ಲ. ಒತ್ತಕ್ಷರವಿಲ್ಲದ ಪದಗಳನ್ನು ನಿಧಾನವಾಗಿಯಾದರೂ ಓದುತ್ತಿದ್ದ. ಒತ್ತಕ್ಷರ ಬಂದೊಡನೆ ಮೊದಲ ಅಕ್ಷರವನ್ನು ಹಿಡಿದು ಉಳಿದುದನ್ನು ಊಹಿಸುತ್ತಿದ್ದ. 'ಕಮಲ' ಎಂಬುದರಲ್ಲಿ ಮೊದಲ ಅಕ್ಷರ ತೆಗೆದರೆ ಏನುಳಿಯುತ್ತದೆಂದು ಬಾಯಿಮಾತಿನಲ್ಲಿ ಕೇಳಿದರೂ ತಡಮಾಡುತ್ತಿದ್ದ. ಅವನಿಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಥಟ್ಟನೆ 'ಮಲ' ಎಂದು ನಗುತ್ತಿದ್ದಳು. ವಾರಗಳ ಹೆಸರನ್ನು ಕ್ರಮವಾಗಿ ಹೇಳಲು ಸೋಮವಾರದಿಂದಲೇ ತೊಡಗಬೇಕಾಗುತ್ತಿತ್ತು. ಓದು ಮುಗಿದಾಗ ಹಣೆಯಲ್ಲಿ ಬೆವರಿರುತ್ತಿತ್ತು. ಆದರೆ ಅದೇ ಪಾಠವನ್ನು ತಾಯಿ ಓದಿ ಹೇಳಿದರೆ ಅವನು ಕೇಳುತ್ತಿದ್ದ ಪ್ರಶ್ನೆಗಳು ಐದನೆಯ ತರಗತಿಯವರಿಗೆ ಒಪ್ಪುವಂಥವು. ಬೆವರುವ ಹುಡುಗ ಸೋಮಾರಿಯಾಗಲು ಹೇಗೆ ಸಾಧ್ಯ? ಆ ಸಾಲನ್ನು ಬರೆದ ರಾತ್ರಿ ತಾಯಿಗೆ ನಿದ್ದೆ ಬರಲಿಲ್ಲ.

ಮೊದಲು ಕಣ್ಣು, ಕಿವಿಗಳ ಪರೀಕ್ಷೆಯಾಯಿತು, ಎರಡೂ ಸರಿಯಾಗಿದ್ದವು. ಅನಂತರ ಮನಶ್ಶಾಸ್ತ್ರಜ್ಞರಿಂದ ಬುದ್ಧಿಶಕ್ತಿಯ ಪರೀಕ್ಷೆ, ಓದು ಬರೆಹ ಲೆಕ್ಕಗಳ ಪರೀಕ್ಷೆ. ಇಂಥ ಪರೀಕ್ಷೆಗಳಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇವೆ. ನಿಮ್ಹಾನ್ಸಿನಲ್ಲಿ ಸಿದ್ಧವಾದ ಪರೀಕ್ಷಾಕ್ರಮವೊಂದು ದೇಶದ ನಾನಾ ಕಡೆ ಬಳಕೆಯಲ್ಲಿದೆ. ಅದರಲ್ಲಿ 5ರಿಂದ 7 ವರ್ಷದವರಿಗೆ ಒಂದು ಭಾಗ, 8ರಿಂದ 12 ವರ್ಷದವರಿಗೆ ಇನ್ನೊಂದು. ಎಂಟು ವರ್ಷಕ್ಕೆ ಮುಂಚೆ ಖಚಿತವಾಗಿ ಹೇಳುವುದು ಕಷ್ಟವಾದರೂ ನೆರವು ಕೊಡಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಹಸಿದವನಿಗೆ ಉಣಬಡಿಸಲು ಪ್ರಮಾಣಪತ್ರ ಬೇಕೆ?

ವರದಿ ಕೈಗೆ ಬಂದ ದಿನ ಮನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. "ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೆ?" ಎಂಬ ಪ್ರಶ್ನೆಯನ್ನು ಪರೀಕ್ಷಕರು ಕೇಳಿದ್ದರು, ತಂದೆ ಇಲ್ಲವೆಂದಿದ್ದ. ಊಟ ಬಡಿಸುತ್ತ ಅಜ್ಜಿ ಮೆಲ್ಲಗೆ ಹೇಳಿದರು: "ನೀನೂ ಹೀಗೇ ಇದ್ದೆಯಲ್ಲೋ. ನಿಮ್ಮಪ್ಪ ಹೊಡೆದೂ ಹೊಡೆದೂ ಕೈಸೋತರು." ತಂದೆ ಬಹಳ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದ. ಕಾರ್ಖಾನೆಯಲ್ಲಿ ಯಂತ್ರದ ಸದ್ದು ಕೇಳಿ ದೋಷ ಹೇಳಬಲ್ಲ ಆ ಮನುಷ್ಯ ಬೆಳಗಿನ ಪತ್ರಿಕೆಯಲ್ಲಿ ತಲೆಬರೆಹಗಳಿಗಿಂತ ಮುಂದೆ ಹೋಗುತ್ತಿರಲಿಲ್ಲ. ಬಂದ ಕಾಗದವನ್ನು ಹೆಂಡತಿಯ ಕೈಗಿತ್ತು, "ನೀನೇ ಓದೇ, ಕನ್ನಡಕ ಸಿಕ್ಕಲಿಲ್ಲ" ಎನ್ನುತ್ತಿದ್ದ. ಮಗನ ಮೇಲೆ ಅವನಿಗಿದ್ದ ಸಿಟ್ಟು ಯಾವ ಹಳೆಯ ನೋವಿನಿಂದ ಹೊರಟದ್ದೆಂಬುದು ಅಂದು ಎಲ್ಲರಿಗೂ ತಿಳಿಯಿತು, ಅವನಿಗೂ ತಿಳಿಯಿತು.

ಇನ್ನು ಕಲಿಸುವ ಬಗೆ. ಇದಕ್ಕೆ ಗುಳಿಗೆಯಿಲ್ಲ, ಟಾನಿಕ್ಕಿಲ್ಲ. ಬಣ್ಣದ ಕನ್ನಡಕಗಳಿಂದಲೂ ಕಣ್ಣಿನ ಕಸರತ್ತಿನಿಂದಲೂ ಓದು ಬರುವುದೆಂಬುದಕ್ಕೆ ತಕ್ಕ ಆಧಾರ ದೊರೆತಿಲ್ಲ. ದೊರೆತಿರುವ ಮಾರ್ಗ ಹಳೆಯದು, ನಿಧಾನವಾದುದು. ಸ್ಯಾಮ್ಯುಯಲ್ ಆರ್ಟನ್ ಎಂಬ ಅಮೆರಿಕದ ವೈದ್ಯನೂ ಅನ್ನಾ ಗಿಲಿಂಗ್‌ಹ್ಯಾಮ್ ಎಂಬ ಉಪಾಧ್ಯಾಯಿನಿಯೂ 1930ರ ದಶಕದಲ್ಲಿ ರೂಪಿಸಿದ ಕ್ರಮವೇ ಇಂದಿನ ಹಲವು ಪದ್ಧತಿಗಳಿಗೆ ತಳಹದಿ. ಅದರ ಸಾರ ಇಷ್ಟು: ಧ್ವನಿಯಿಂದ ಅಕ್ಷರಕ್ಕೆ ಹೋಗುವ ದಾರಿಯನ್ನು ಮಗು ತಾನಾಗಿ ಕಂಡುಕೊಳ್ಳಲೆಂದು ಬಿಡದೆ, ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಹೇಳಬೇಕು, ಕಣ್ಣು, ಕಿವಿ, ನಾಲಗೆ, ಬೆರಳು ನಾಲ್ಕನ್ನೂ ಏಕಕಾಲಕ್ಕೆ ದುಡಿಸಬೇಕು, ಹಿಂದಿನ ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಕಾಲಿಡಬಾರದು.

ಮೈಸೂರಿನ ಆ ತಾಯಿಗೆ ವಿಶೇಷ ಶಿಕ್ಷಕಿಯೊಬ್ಬರು ಇದನ್ನು ಕನ್ನಡಕ್ಕೆ ಒಗ್ಗಿಸಿಕೊಟ್ಟರು. ಮೊದಲ ತಿಂಗಳು ಪುಸ್ತಕವೇ ಇಲ್ಲ, ಮಾತಿನ ಆಟ ಮಾತ್ರ. 'ಮರ' ಎಂಬುದಕ್ಕೆ ಚಪ್ಪಾಳೆ ಎಷ್ಟು? 'ಬಾಳೆಹಣ್ಣು' ಎಂಬುದಕ್ಕೆ ಎಷ್ಟು? 'ಕಾಗೆ' ಎಂಬಲ್ಲಿ ಕಾ ತೆಗೆದು ನಾ ಇಟ್ಟರೆ ಏನಾಯಿತು? ಬಳಿಕ ಅಕ್ಷರ. ತಟ್ಟೆಯಲ್ಲಿ ರಾಗಿ ಹರಡಿ, ಬೆರಳಿನಿಂದ ಅಕ್ಷರ ಬರೆಯುತ್ತ, ಬರೆಯುವಾಗಲೇ ಗಟ್ಟಿಯಾಗಿ ನುಡಿಯಬೇಕು. ನಮ್ಮ ಹಿರಿಯರು ಅಕ್ಕಿಯ ಮೇಲೆ ಓಂಕಾರ ಬರೆಯಿಸಿ ಅಕ್ಷರಾಭ್ಯಾಸ ಮಾಡಿಸುತ್ತಿದ್ದುದು, ಮರಳಿನ ಮೇಲೆ ತಿದ್ದಿಸುತ್ತಿದ್ದುದು ಇದೇ ಅಲ್ಲವೆ? ಒಂದು ದಿನದ ಶಾಸ್ತ್ರವಾಗಿ ಉಳಿದುದು ಇಲ್ಲಿ ಒಂದು ವರ್ಷದ ಪಾಠವಾಯಿತು. ದ, ಧ, ಥಗಳನ್ನು ಒಂದೇ ದಿನ ಕಲಿಸಲಿಲ್ಲ. ಒಂದು ಚೆನ್ನಾಗಿ ನೆಲೆನಿಂತಮೇಲೆ ಇನ್ನೊಂದು. ಒತ್ತಕ್ಷರಕ್ಕೆ ರಟ್ಟಿನ ಬಿಲ್ಲೆಗಳು: 'ಶಕ್ತಿ' ಎಂದರೆ ಶ, ಕ್, ತಿ, ಮೂರು ಬಿಲ್ಲೆಗಳನ್ನು ನುಡಿಯುವ ಕ್ರಮದಲ್ಲಿ ಸಾಲಾಗಿ ಇಟ್ಟು, ಆಮೇಲೆ ಬರೆಯುವ ರೂಪಕ್ಕೆ ಜೋಡಿಸುವುದು. 'ಸೂರ್ಯ'ನ ಗುಟ್ಟು ಹುಡುಗನಿಗೆ ತಿಳಿದದ್ದು ಆ ಬಿಲ್ಲೆಗಳಿಂದ. "ಅಮ್ಮಾ, ರ ಮೊದಲು ಬಂದು ಹಿಂದೆ ಹೋಗಿ ನಿಂತಿದೆ!" ಎಂದು ಅವನು ಕೂಗಿಕೊಂಡ.

ಹೊತ್ತು ಒಮ್ಮೆಗೆ ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಸಲ. ಸಾಲು ತಪ್ಪದಂತೆ ಕೆಳಗೆ ಒಂದು ರಟ್ಟು. ಸರಿಯಾಗಿ ಓದಿದ ಸಾಲಿನ ಮೇಲೆ ಪಾಠ ಮುಗಿಸಬೇಕು, ತಪ್ಪಿದ ಸಾಲಿನ ಮೇಲೆ ಅಲ್ಲ. ಬಂದ ನೆಂಟರೆದುರು ಓದಿಸಕೂಡದು, ತಂಗಿಗೆ ಹೋಲಿಸಕೂಡದು. ಇದಕ್ಕಿಂತ ಮುಖ್ಯವಾದುದು ಇನ್ನೊಂದು: ಓದು ಹಿಂದೆ ಬಿದ್ದಿತೆಂದು ವಿದ್ಯೆ ಹಿಂದೆ ಬೀಳಬಾರದು. ವಿಜ್ಞಾನ, ಚರಿತ್ರೆ, ಕಥೆ ಎಲ್ಲವನ್ನೂ ತಾಯಿ, ಅಜ್ಜಿ ಸರದಿಯ ಮೇಲೆ ಓದಿ ಹೇಳಿದರು; ಹುಡುಗ ಉತ್ತರಗಳನ್ನು ಬಾಯಲ್ಲಿ ಹೇಳಿದ. ಕಣ್ಣಿನ ಬಾಗಿಲು ಇಕ್ಕಟ್ಟಾದರೆ ಕಿವಿಯ ಬಾಗಿಲನ್ನು ಅಗಲವಾಗಿ ತೆರೆಯಬೇಕು. ಮನೆಯ ಶಿಕ್ಷಣಕ್ಕೆ ಇಲ್ಲಿರುವ ಅನುಕೂಲ ದೊಡ್ಡದು. ನಲವತ್ತು ಮಕ್ಕಳ ತರಗತಿ ಒಬ್ಬನಿಗಾಗಿ ಕಾಯಲಾರದು, ಮನೆ ಕಾಯಬಲ್ಲುದು.

ಮನೆಯ ಶಿಕ್ಷಣಕ್ಕೆ ಅಪಾಯವೂ ಉಂಟು, ಅದನ್ನು ಮುಚ್ಚಿಡಬಾರದು. ಶಾಲೆಯಲ್ಲಿ ಸೋತ ಮಗುವಿಗೆ ಸಂಜೆ ಮನೆಯೆಂಬ ಆಶ್ರಯವಿರುತ್ತದೆ. ಮನೆಯಲ್ಲೇ ಸೋತ ಮಗು ಎಲ್ಲಿಗೆ ಓಡಬೇಕು? ಉಪಾಧ್ಯಾಯಿನಿ ಗದರಿದರೆ ತಾಯಿಯ ಮಡಿಲುಂಟು. ತಾಯಿಯೇ ಉಪಾಧ್ಯಾಯಿನಿಯಾಗಿ ಗದರಿದರೆ ಮಡಿಲು ಯಾರದು? ಈ ಮಾತನ್ನು ಆ ಶಿಕ್ಷಕಿ ಹೇಳಿದಾಗ ತಾಯಿ ಒಂದು ಉಪಾಯ ಮಾಡಿದಳು. ಚಾಪೆ ಹಾಸಿದಾಗ ಅವಳು ಟೀಚರು; ಚಾಪೆ ಸುತ್ತಿಟ್ಟಮೇಲೆ ಅಮ್ಮ. ಸುತ್ತಿಟ್ಟಮೇಲೆ ಅಕ್ಷರದ ಮಾತೆತ್ತಲು ಯಾರಿಗೂ ಅಧಿಕಾರವಿಲ್ಲ. ಸಾಕಾಯಿತೆನಿಸಿದಾಗ ಚಾಪೆ ಸುತ್ತುವ ಹಕ್ಕು ಹುಡುಗನಿಗೂ ಉಂಟು. ಅವನು ಮೊದಲ ವಾರ ಆ ಹಕ್ಕನ್ನು ದಿನವೂ ಚಲಾಯಿಸಿದ. ಎರಡನೆಯ ತಿಂಗಳು ಮರೆತೇಬಿಟ್ಟ. ಹೊಟ್ಟೆನೋವು ಅಷ್ಟರಲ್ಲಿ ಎಲ್ಲಿಗೋ ಹೊರಟುಹೋಗಿತ್ತು.

ಎರಡನೆಯ ಅಪಾಯ ಒಂಟಿತನ. ಹೋಲಿಸಲು ಬೇರೆ ಮಕ್ಕಳಿಲ್ಲದ ಮನೆಯಲ್ಲಿ ತೊಡಕು ವರ್ಷಗಟ್ಟಲೆ ಗಮನಕ್ಕೆ ಬಾರದೆ ಹೋಗಬಹುದು. ಗಮನಕ್ಕೆ ಬಂದರೂ ತಾಯಿಯೊಬ್ಬಳೇ ಅದನ್ನು ಹೊತ್ತು ಬಳಲಬಹುದು. ವಾರಕ್ಕೆರಡು ದಿನವಾದರೂ ತರಬೇತಿ ಪಡೆದ ಶಿಕ್ಷಕರ ನೆರವು, ಸಂಜೆ ಓರಗೆಯ ಮಕ್ಕಳೊಡನೆ ಬಯಲಿನ ಆಟ, ಮನೆಯ ಇತರರ ಪಾಲು, ಇವು ಮೂರೂ ಇಲ್ಲದೆ ಮನೆಯನ್ನು ಶಾಲೆ ಮಾಡಹೊರಡುವುದು ವಿವೇಕವಲ್ಲ. ಅಮೆರಿಕದ ಎಡಿಸನ್ ಕೆಲವೇ ತಿಂಗಳು ಶಾಲೆಗೆ ಹೋಗಿ, ಬಳಿಕ ತಾಯಿಯ ಬಳಿಯಲ್ಲೇ ಕಲಿತು ಜಗದ್ವಿಖ್ಯಾತನಾದುದು ನಿಜ. ಅವನಿಗೂ ಇದೇ ತೊಡಕು ಇತ್ತೆಂದು ಹೇಳುವುದಕ್ಕೆ ಮಾತ್ರ ಆಧಾರ ಸಾಲದು. ಆ ತಾಯಿಯ ತಾಳ್ಮೆ ಅನುಕರಣೀಯ. ಆದರೆ ಮಗ ಎಡಿಸನ್ ಆಗಲೇಬೇಕೆಂಬ ಹಟ, ಸೋಮಾರಿಯೆಂಬ ಬೈಗುಳಕ್ಕಿಂತ ಹಗುರವಾದ ಹೊರೆಯೇನೂ ಅಲ್ಲ.

ಮುಂದಿನ ದಾರಿಯೂ ಮುಚ್ಚಿಲ್ಲ. 1995ರ ಅಂಗವಿಕಲರ ಕಾಯಿದೆ 7 ಬಗೆಯ ನ್ಯೂನತೆಗಳನ್ನು ಮಾತ್ರ ಹೆಸರಿಸಿತ್ತು. ಕಲಿಕೆಯ ನ್ಯೂನತೆ ಅದರಲ್ಲಿರಲಿಲ್ಲ. ಅದರ ಬದಲಿಗೆ ಬಂದ 2016ರ ಕಾಯಿದೆ 21 ಬಗೆಗಳನ್ನು ಹೆಸರಿಸಿ ಇದನ್ನೂ ಸೇರಿಸಿಕೊಂಡಿದೆ. ಪ್ರಮಾಣಪತ್ರವಿದ್ದವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಬೇಕಾದಲ್ಲಿ ಬರೆದುಕೊಡುವವರ ನೆರವು ದೊರೆಯುತ್ತದೆ. ಮನೆಯಲ್ಲಿ ಕಲಿಯುವವರಿಗೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯಿದೆ. ಅಲ್ಲಿ ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸಿಕೊಳ್ಳಬಹುದು. ವಿಷಯಗಳನ್ನು ತಾವೇ ಆರಿಸಿಕೊಂಡು, ಒಂದೊಂದಾಗಿ ಐದು ವರ್ಷಗಳ ಅವಧಿಯಲ್ಲಿ ಮುಗಿಸಬಹುದು. ಇದು ಕರುಣೆಯಲ್ಲ. ಕುಂಟುವವನಿಗೆ ಕೋಲು ಕೊಟ್ಟರೆ ಓಟದಲ್ಲಿ ಮೋಸವಾಯಿತೆಂದು ಯಾರೂ ಹೇಳರು.

ಆ ಹುಡುಗ ಈಗ ಓದುತ್ತಾನೆಯೆ? ಓದುತ್ತಾನೆ, ನಿಧಾನವಾಗಿ ಓದುತ್ತಾನೆ. ವೇಗ ಮುಂದೆಯೂ ಹೆಚ್ಚೇನೂ ಬರಲಿಕ್ಕಿಲ್ಲವೆಂದು ತಿಳಿದವರು ಹೇಳಿದ್ದಾರೆ. ತಪ್ಪಿದಾಗ ಪುಟದ ಚಿತ್ರವನ್ನು ನೋಡುವುದಿಲ್ಲ, ಬೆರಳನ್ನು ಹಿಂದಕ್ಕೆ ತಂದು ಪದವನ್ನು ಬಿಡಿಸಿಕೊಳ್ಳುತ್ತಾನೆ. ಕಳೆದ ದಸರೆಯ ರಜೆಯಲ್ಲಿ ಒಂದು ಸಂಜೆ ತಾಯಿ ಅಡಿಗೆಮನೆಯಿಂದ ಬಂದು ನೋಡುತ್ತಾಳೆ: ನಡುಮನೆಯಲ್ಲಿ ಚಾಪೆ ಹಾಸಿದೆ. ಹಾಸಿದವನು ತಂದೆ. ತಂದೆಮಕ್ಕಳಿಬ್ಬರೂ ವಾರಪತ್ರಿಕೆಯ ಒಂದೇ ಪುಟದ ಮೇಲೆ ಬಾಗಿದ್ದಾರೆ. ತಂದೆಯ ಬೆರಳು ಒಂದು ಪದದ ಮೇಲೆ ನಿಂತಿದೆ. ಮಗ ರಟ್ಟನ್ನು ಸಾಲಿನ ಕೆಳಗೆ ಸರಿಸಿ, "ಅವಸರ ಬೇಡಪ್ಪ, ಬಿಡಿಸಿ ಓದು" ಎನ್ನುತ್ತಿದ್ದಾನೆ.

ತಾಯಿ ಬಂದ ಸದ್ದಾಗದಂತೆ ಹಿಂದಿರುಗಿದಳು. ಅಕ್ಷರವೆಂದರೆ ಅಳಿವಿಲ್ಲದ್ದೆಂದು ಅರ್ಥ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ವರ್ಷ ತಡವಾದರೂ ಕಾದೀತು, ಮೂವತ್ತು ವರ್ಷ ತಡವಾದರೂ ಕಾದೀತು. ಕಾಯದೆ ಹೋಗುವುದು ಬಾಲ್ಯವೊಂದೇ.